ಸಕ್ಕರೆ ಅಚ್ಚು ಎಲ್ಲರ ಕೈಗೂ ಸಿಗಲಿ

ಹಾಲು ಉತ್ಪಾದಕ ಸೋದರಿಯರೇ,

ಸಂಕ್ರಾಂತಿ ಬಂತು. ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವ ಗಡಿಬಿಡಿಯಲ್ಲೇ ಎಳ್ಳು ಬೀರುವ ಕೆಲಸವೂ ನಮ್ಮದೇ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಎಷ್ಟಿದ್ದರೂ ಮಕ್ಕಳ ಕಣ್ಣು ಮಾತ್ರ ಸಕ್ಕರೆ ಅಚ್ಚಿನ ಮೇಲೆ. ಗಿಳಿ, ಆನೆ, ತುಳಸಿಕಟ್ಟೆ ಬೇಕೆಂದು ಜಗಳ.

ಈ ಅಚ್ಚು ಬೆಳ್ಳಗಾಗುವುದಕ್ಕೆ ಹಾಲೂ ಬೇಕು. ಪಾಕ ಕುದಿಯುವಾಗ ಸ್ವಲ್ಪ ಹಾಲು ಹಾಕಿದರೆ ಸಕ್ಕರೆಯ ಕೊಳೆ ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಯಿಸಿ, ನೀರಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಹೊಯ್ಯುತ್ತಿದ್ದರು ನಮ್ಮ ಅಜ್ಜಿಯರು. ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ನಮ್ಮ ಊರುಗಳಲ್ಲಿ ಮರದ ಅಚ್ಚು ಅಟ್ಟ ಸೇರಿದೆ, ಅಂಗಡಿಯಿಂದ ಪೊಟ್ಟಣ ಬರುತ್ತಿದೆ. ಎರಡು ಹೊತ್ತು ಹಾಲು ಕರೆದು, ಹುಲ್ಲು ಹೊತ್ತು ತರುವವರಿಗೆ ಪುರುಸೊತ್ತೆಲ್ಲಿ? ಅದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ತಟ್ಟೆ ಹಿಡಿದು ಹೊರಟ ಮೇಲೆ. ಗಂಡ ತೀರಿಕೊಂಡವರ ಮನೆ ಬಂದರೆ ಹೆಜ್ಜೆ ಜೋರಾಗುತ್ತದೆ. ಅರಿಶಿನ ಕುಂಕುಮ, ಎಳ್ಳು ಮುತ್ತೈದೆಯರಿಗೆ ಮಾತ್ರ ಅನ್ನುವ ರೂಢಿ. ಇದನ್ನು ಓದುತ್ತಿರುವವರಲ್ಲಿ ಬಾಗಿಲ ಒಳಗೆ ನಿಂತು, ತಟ್ಟೆ ಮುಂದಿನ ಮನೆಗೆ ಹೋಗುವುದನ್ನು ನೋಡಿದವರೂ ಇದ್ದೀರಿ.

ಅದೇ ಅಕ್ಕ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ನಮ್ಮ ಮುಂದೆ ನಿಂತಿರುತ್ತಾಳೆ. ಅವಳ ಹಾಲಿಗೂ ನಮ್ಮ ಹಾಲಿಗೂ ನೋಡುವುದು ಅದೇ ಫ್ಯಾಟು, ಅದೇ ಎಸ್‌ಎನ್‌ಎಫ್. ಎರಡೂ ಬೀಳುವುದು ಒಂದೇ ಕ್ಯಾನಿಗೆ. ಒಂಟಿಯಾಗಿ ಹಸು ಕಟ್ಟಿ, ಸಾಲ ತೀರಿಸಿ, ಮಕ್ಕಳನ್ನು ಓದಿಸಿದವಳ ಕೈಗೆ ಒಂದು ಸಕ್ಕರೆ ಗಿಳಿ ಕೊಟ್ಟರೆ ಯಾವ ಹಬ್ಬ ಕೆಡುತ್ತದೆ? ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂದರು ಹಿರಿಯರು. ಗಂಡ ಇದ್ದವರು ಮಾತ್ರ ಆಡಿ ಅನ್ನಲಿಲ್ಲ.

'ಅತ್ತೆ ಬೈತಾರೆ, ಊರವರು ಆಡ್ಕೋತಾರೆ' ಅನ್ನುತ್ತೀರಿ. ನಿಜ, ಒಬ್ಬರೇ ಮುರಿಯುವುದು ಕಷ್ಟ. ಅದಕ್ಕೇ ಸಂಘದಲ್ಲಿ ಶುರು ಮಾಡೋಣ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅಟ್ಟದ ಅಚ್ಚುಗಳನ್ನು ಇಳಿಸಿ ತನ್ನಿ. ಕಿಲೋ ಸಕ್ಕರೆಗೆ ಅರ್ಧ ಲೋಟ ಹಾಲು ಸಾಕು. ಎಲ್ಲರೂ ಸೇರಿ ಹೊಯ್ಯೋಣ, ಬರದವರು ಕಲಿಯಲಿ. ಹಬ್ಬದ ಬೆಳಿಗ್ಗೆ ಹಾಲು ಹಾಕಲು ಬಂದ ಪ್ರತಿ ಹೆಂಗಸಿಗೂ ಎಳ್ಳು, ಅಚ್ಚು ಕೊಡೋಣ. ಹಾಲಿನ ಪುಸ್ತಕದಲ್ಲಿ ಹೆಸರಿದ್ದರೆ ಸಾಕು, ಬೇರೇನೂ ಕೇಳುವುದು ಬೇಡ.

ಸಂಜೆ ಮನೆಯಿಂದ ತಟ್ಟೆ ಹಿಡಿದು ಹೊರಟಾಗ, ಪ್ರತಿ ವರ್ಷ ದಾಟಿ ಹೋಗುತ್ತಿದ್ದ ಆ ಮನೆಗೇ ಮೊದಲು ಹೋಗಿ.