ರಣಘೋಷಕ್ಕೆ ಕಿವಿಗೊಡುವ ಮುನ್ನ

ಆವತಿಯ ತಿಮ್ಮರಾಯಸ್ವಾಮಿ ಬೆಟ್ಟವನ್ನೇರಿದವರಿಗೆ ತೆಂಕಣದಲ್ಲಿ ದೇವನಹಳ್ಳಿಯ ಸೀಮೆಯೂ ಬಡಗಣದಲ್ಲಿ ನಂದಿದುರ್ಗವೂ ಗೋಚರಿಸುವುವು. ಆವತಿ ನಾಡಪ್ರಭುಗಳ ವಂಶದವರು ಆಳುತ್ತಿದ್ದ ದೇವನಹಳ್ಳಿಯ ಕೋಟೆಯನ್ನು ಮೈಸೂರಿನ ಸೇನೆಯು 1749ರಲ್ಲಿ ಮುತ್ತಿದಾಗ ಮೊದಲು ಹೆಸರು ಪಡೆದ ಸವಾರನೇ ಹೈದರಾಲಿ. ಆತನ ಹೆಸರು ಹೊತ್ತ ಅಮೆರಿಕದ ಹಡಗೊಂದು 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಇಂಗ್ಲೀಷರ ಯುದ್ಧನೌಕೆಯನ್ನು ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಸೇನೆಯ ನಾಯಕ ಕಾರ್ನ್‌ವಾಲಿಸನೇ, 1791ರಲ್ಲಿ ದೇವನಹಳ್ಳಿಯನ್ನೂ ನಂದಿಯನ್ನೂ ವಶಪಡಿಸಿಕೊಂಡ ಸೇನೆಗೆ ಒಡೆಯನಾಗಿದ್ದನು. ಆದಕಾರಣ ಅಮೆರಿಕದ ಯುದ್ಧವು ಈ ಸೀಮೆಗೆ ತೀರ ಹೊರಗಿನ ಸುದ್ದಿಯಲ್ಲ. ಆ ಯುದ್ಧಕ್ಕೆ ಜನರನ್ನು ಕರೆದ ಭಾಷಣವನ್ನು ಇಲ್ಲಿಯ ಅನುಭವದ ಒರೆಗಲ್ಲಿಗೆ ಹಚ್ಚುವುದೂ ಅನುಚಿತವಲ್ಲ.

1775ರ ಮಾರ್ಚ್ 23ರಂದು ವರ್ಜೀನಿಯದ ರಿಚ್ಮಂಡಿನ ಚರ್ಚೊಂದರಲ್ಲಿ ನೆರೆದ ಪ್ರತಿನಿಧಿಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ನ್ಯಾಯವಾದಿಯು, ವಸಾಹತು ತನ್ನ ರಕ್ಷಣೆಗೆ ಪಡೆ ಕಟ್ಟಬೇಕೆಂದು ವಾದಿಸಿದನು. ನಿರ್ಣಯವು ಅಲ್ಪ ಬಹುಮತದಿಂದ ಗೆದ್ದಿತು. ತಿಂಗಳು ತುಂಬುವುದರೊಳಗೆ ಮಸಾಚುಸೆಟ್ಸಿನಲ್ಲಿ ಗುಂಡು ಹಾರಿತು. ಸ್ವಾತಂತ್ರ್ಯ, ಇಲ್ಲವೆ ಮರಣ ಎಂಬ ಅರ್ಥದ ಕೊನೆಯ ಮಾತೇ ಆ ಭಾಷಣದ ಪ್ರಾಣವೆಂದು ಅದರ ಪ್ರಶಂಸಕರು ಹೇಳುವರು. ಭಾಷಣ ಸ್ಪರ್ಧೆಗಳಲ್ಲಿ ಬಾಲಕರು ಕೈಯೆತ್ತಿ ಒಪ್ಪಿಸುವುದೂ ಅದನ್ನೇ. ಆದರೆ ಇಂದು ಓದಲು ದೊರೆಯುವ ಪಾಠವು ಕೇಳಿದವರ ನೆನಪುಗಳಿಂದ ಕೂಡಿಸಿದ್ದು. ವಿಲಿಯಂ ವರ್ಟನು ಅದನ್ನು ಅಚ್ಚು ಹಾಕಿಸಿದ್ದು 1817ರಲ್ಲಿ, ಎಂದರೆ 42 ವರ್ಷಗಳ ಮೇಲೆ. ಮಾತಿನ ಸೊಬಗು ಯಾರದೆಂದು ನಿಶ್ಚಯವಿಲ್ಲದಿರುವಾಗ ಪರೀಕ್ಷಿಸತಕ್ಕುದು ವಾದದ ಸರಣಿಯನ್ನು.

ಆ ಸರಣಿಯಲ್ಲಿ ನಾಲ್ಕು ಮೆಟ್ಟಿಲುಗಳುಂಟು. ಮುಂದಿನದನ್ನು ಹಿಂದಿನ ಅನುಭವದಿಂದಲೇ ಅಳೆಯಬೇಕೆಂಬುದು ಮೊದಲನೆಯದು. ಮನವಿಗಳೆಲ್ಲ ನಿಷ್ಫಲವಾದುವು, ಸಂಧಾನ ಬಯಸುವವರು ಹಡಗುಪಡೆಯನ್ನು ಕಳುಹಿಸುವುದಿಲ್ಲ ಎಂಬುದು ಎರಡನೆಯದು. ತಡಮಾಡಿದಷ್ಟೂ ಬಲ ಕುಗ್ಗುವುದೆಂಬುದು ಮೂರನೆಯದು. ಉಳಿದಿರುವುದು ದಾಸ್ಯ ಅಥವಾ ಯುದ್ಧ, ಈ ಎರಡೇ ಎಂಬುದು ಕಡೆಯದು.

ಮೊದಲಿನ ಎರಡು ಗಟ್ಟಿಯಾದುವು. 1765ರ ಸ್ಟಾಂಪ್ ಕಾಯಿದೆಯಿಂದ ಹತ್ತು ವರ್ಷ ಮನವಿ ಬರೆದವರು ಆ ಮಾತನ್ನಾಡಲು ಅಧಿಕಾರವುಳ್ಳವರು. ಮೂರನೆಯದು ಹಾಗಲ್ಲ; ಇಂದಲ್ಲದಿದ್ದರೆ ಇನ್ನೆಂದಿಗೆ ಎಂದು ಕೇಳದ ಸೇನಾಪತಿಯು ಲೋಕದಲ್ಲಿಲ್ಲ, ನ್ಯಾಯವಾದ ಯುದ್ಧಕ್ಕೂ ಅನ್ಯಾಯದ ಯುದ್ಧಕ್ಕೂ ಅದು ಸಮನಾಗಿ ಒದಗುವುದು. ನಾಲ್ಕನೆಯದಂತೂ ಎರಡು ಕಡೆ ಕುಸಿಯುವುದು. ದಾಸ್ಯವೆಂಬ ಪದಕ್ಕೆ ಆ ಸಭೆಯಲ್ಲಿ ಬಂದ ಬಿಸಿಯು ಎಲ್ಲಿಂದ ಬಂದಿತು? ಪ್ರತಿನಿಧಿಗಳಲ್ಲಿ ಅನೇಕರ ಹೊಲಗಳಲ್ಲಿ ನಿಜವಾದ ದಾಸರೇ ದುಡಿಯುತ್ತಿದ್ದರು. ಹೆನ್ರಿಯೂ ದಾಸರ ಒಡೆಯನೇ. ಅದು ಕಾಲದೋಷವೆಂದು ಆತನ ಪಕ್ಷದವರು ಹೇಳಬಹುದು. ಆದರೆ 1773ರಲ್ಲಿ ತಾನೇ ಬರೆದ ಪತ್ರದಲ್ಲಿ ಆತನು, ಈ ಪದ್ಧತಿಯನ್ನು ಸಮರ್ಥಿಸಲಾರೆನೆಂದೂ, ದಾಸರಿಲ್ಲದೆ ಬಾಳುವುದು ಅನನುಕೂಲವಾದ್ದರಿಂದ ಇಟ್ಟುಕೊಂಡಿರುವೆನೆಂದೂ ಒಪ್ಪಿಕೊಂಡಿದ್ದನು. ತಿಳಿದು ಮಾಡಿದ್ದನ್ನು ಕಾಲದ ತಲೆಗೆ ಕಟ್ಟಲಾಗದು. ಆ ಕರೆಯ “ನಾವು” ಎಂಬುದರೊಳಗೆ ಅವರು ಸೇರಿರಲಿಲ್ಲ.

ಇನ್ನು, ದಾರಿಗಳು ಎರಡೇ ಎಂಬ ಮಾತು. ನಂದಿಯ ಬೆಟ್ಟಸಾಲಿನ ಆಚೆ, ಗೌರಿಬಿದನೂರಿನ ಬಳಿ ವಿದುರಾಶ್ವತ್ಥವಿದೆ. 1938ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ಜನರು ಜವಾಬ್ದಾರಿ ಸರಕಾರವನ್ನು ಬೇಡುತ್ತಿದ್ದರು. ಶಿವಪುರದಲ್ಲಿ ನಿಷೇಧವನ್ನು ಮೀರಿ ಬಾವುಟವೇರಿತ್ತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿಯೂ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಜನ ನೆರೆದರು; ಪೊಲೀಸರು ಗುಂಡು ಹಾರಿಸಿದರು; ಹಲವರು ಮಡಿದರು. ಮನವಿಯ ಬಾಗಿಲು ಮುಚ್ಚಿತೆನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ರಿಚ್ಮಂಡಿನ ಸಭೆಗೂ ಇರಲಿಲ್ಲ. ಆದರೂ ಮುಖಂಡರು ಪಡೆ ಕಟ್ಟಿರೆನ್ನಲಿಲ್ಲ, ಕೈಕಟ್ಟಿ ಕುಳಿತುಕೊಳ್ಳಿರೆಂದೂ ಹೇಳಲಿಲ್ಲ. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ಮಾತನಾಡಿದ ಮೇಲೆ, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸಿನ ಬಾವುಟವನ್ನೂ ಹಾರಿಸಲು ಸಮ್ಮತಿ ದೊರೆಯಿತು. ಜವಾಬ್ದಾರಿ ಸರಕಾರ ಬರಲು ಒಂಬತ್ತು ವರ್ಷ ಹಿಡಿಯಿತು. ‘ಮೈಸೂರು ಚಲೋ’ ಚಳವಳಿಯ ತರುವಾಯ 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು.

ಇಲ್ಲೊಂದು ಆಕ್ಷೇಪವೇಳುವುದು. ಮೈಸೂರಿನ ಅರಮನೆಯೂ ಕಡಲಾಚೆಯಿಂದ ಪಡೆ ಕಳುಹಿಸುವ ಸಾಮ್ರಾಜ್ಯವೂ ಒಂದೆಯೇ? ಒಂದಲ್ಲ. ಮೈಸೂರಿನ ಚಳವಳಿಯಲ್ಲಿ ಎಲ್ಲಿಯೂ ಕಲ್ಲು ಏಳಲಿಲ್ಲವೆಂದೂ ಹೇಳಲಾಗದು. ವರ್ಜೀನಿಯದವರು ಯುದ್ಧ ಮಾಡಬಾರದಿತ್ತೆಂಬುದೂ ಇಲ್ಲಿಯ ವಾದವಲ್ಲ. ಎರಡೇ ದಾರಿಯೆಂಬುದನ್ನು ವಾಗ್ಮಿಯು ತೋರಿಸಿಕೊಡಬೇಕು. ಗರ್ಜಿಸಿದ ಮಾತ್ರಕ್ಕೆ ಅದು ಸಿದ್ಧವಾಗದು. ಹೆನ್ರಿಯು ಎರಡನೆಯ ಮೆಟ್ಟಿಲಿನವರೆಗೆ ತೋರಿಸಿದನು, ಆಮೇಲೆ ಗರ್ಜಿಸಿದನು. ಕೇಳಿದವರು ಗರ್ಜನೆಯನ್ನೇ ನೆನಪಿನಲ್ಲಿಟ್ಟುಕೊಂಡರು.

ಆದುದರಿಂದ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಈ ಭಾಷಣವನ್ನು ಕಲಿಸುವವರು ಕೊನೆಯ ವಾಕ್ಯದಿಂದ ತೊಡಗದಿರಲಿ. ನಾಲ್ಕು ಮೆಟ್ಟಿಲುಗಳನ್ನೂ ಬರೆಯಿಸಿ, ಯಾವುದು ನಿಲ್ಲುವುದು, ಯಾವುದು ನಿಲ್ಲದು ಎಂದು ಮಕ್ಕಳನ್ನೇ ಕೇಳಲಿ. ಕರೆಯುವವನ “ನಾವು” ಯಾರು, ಬಿಟ್ಟುಹೋದವರು ಯಾರು, ಪ್ರಾಣ ತೆರುವವರು ಯಾರು ಎಂದು ವಿಚಾರಿಸುವುದನ್ನು ಕಲಿತ ಮಕ್ಕಳು, ಮುಂದೆ ಯಾವ ವೇದಿಕೆಯಿಂದ ಯಾವ ರಣಘೋಷ ಬಂದರೂ, ಚಪ್ಪಾಳೆಗೆ ಮೊದಲು ಒಂದು ಗಳಿಗೆ ಯೋಚಿಸುವರು.