ಪಾತ್ರೆಯ ಪರೀಕ್ಷೆಯೂ ಬಾಣಸಿಗನ ಕೂಲಿಯೂ

ಖ್ವಾಜಾ ಬಂದೇನವಾಜರ ಉರುಸಿನ ದಿನಗಳಲ್ಲಿ ಕಲಬುರಗಿಯ ರೋಜಾ ಭಾಗದಲ್ಲಿ ನಡೆದಾಡಿದವರಿಗೆ ತಹರಿಯ ಪರಿಮಳ ಅಪರಿಚಿತವೇನಲ್ಲ. ಹೋಟೆಲಿನಲ್ಲಿ ಉಣ್ಣುವವನ ಕಣ್ಣಿಗೆ ಬೀಳುವುದು ಎದುರಿನ ತಟ್ಟೆಯಷ್ಟೆ; ಅಡುಗೆಮನೆಯನ್ನು ನೋಡುವ ಕೆಲಸವನ್ನು ಅವನು ಸರ್ಕಾರದ ಪರೀಕ್ಷಕನಿಗೆ ಬಿಟ್ಟಿರುತ್ತಾನೆ. ಆ ಪರೀಕ್ಷಕನು ಅಲ್ಲಿ ಏನನ್ನು ನೋಡಬೇಕು?

ಮೊದಲು ಹಂಡೆಯನ್ನೇ ನೋಡಲಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಬೆಂದ ಅನ್ನದ ಉಷ್ಣತೆಯು 60 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದು ಬಹುಕಾಲ ಹಾಗೆಯೇ ಇದ್ದರೆ ಅವು ಮೊಳೆತು ವೃದ್ಧಿಯಾಗುತ್ತವೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಒಂದು ಜೀವಿಯು ನಾಲ್ಕು ಗಂಟೆಗಳಲ್ಲಿ 4,096 ಆಗುವುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇದು ಬರಿಯ ಪುಸ್ತಕದ ಲೆಕ್ಕವಲ್ಲ.

ಇವನ್ನೆಲ್ಲ ನೋಡಲು ಕಾನೂನಿದೆ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ದೃಷ್ಟಿಯು ಮುಖ್ಯವಾಗಿ ಪದಾರ್ಥದ ಮೇಲಿತ್ತು. 2011ರಿಂದ ಅದರ ಸ್ಥಾನಕ್ಕೆ ಬಂದ ಆಹಾರ ಸುರಕ್ಷತಾ ವ್ಯವಸ್ಥೆಯು ಆಹಾರವನ್ನು ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆಯಾಗಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಉಳಿದ 364 ದಿನಗಳಲ್ಲಿ ಬಾಣಸಿಗನಿಗೆ ಭೇದಿ ಹಿಡಿದರೆ?

ನ್ಯೂಯಾರ್ಕಿನ ಮೇರಿ ಮ್ಯಾಲನ್ ಎಂಬ ಅಡುಗೆಯವಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ತಾನು ಆರೋಗ್ಯವಾಗಿದ್ದರೂ ಅವಳ ದೇಹದಲ್ಲಿ ವಿಷಮಶೀತಜ್ವರದ ರೋಗಾಣುಗಳಿದ್ದವು. 1907ರಲ್ಲಿ ಅವಳನ್ನು ಪ್ರತ್ಯೇಕವಾಗಿರಿಸಿದರು. ಇನ್ನು ಅಡುಗೆ ಮಾಡುವುದಿಲ್ಲವೆಂಬ ಮಾತಿನ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಆದರೆ ಅದರಲ್ಲಿ ಸಂಬಳ ಕಡಮೆ. ಅವಳು ಒಲೆಯ ಬಳಿಗೇ ಮರಳಿದಳು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ 25 ಮಂದಿಗೆ ಜ್ವರ ಬಂದು ಇಬ್ಬರು ತೀರಿಕೊಂಡರು. ಲೋಕವು ಮೇರಿಯನ್ನು ಹಳಿಯಿತು. ಅವಳ ಸಂಬಳದ ವಿಚಾರವನ್ನು ಕೇಳಿದವರು ವಿರಳ.

ನಮ್ಮಲ್ಲಿಯೂ ಹಿಂದೆ ಊಟ ವಸತಿಗಾಗಿಯೇ ದುಡಿದ ಹೋಟೆಲ್ ಮಾಣಿಗಳು ರಾತ್ರಿ ಅಲ್ಲಿಯೇ ಮಲಗಿ ನಸುಕಿನಲ್ಲಿ ಎದ್ದು ಒಲೆ ಹಚ್ಚುತ್ತಿದ್ದರು. 14 ವರ್ಷದೊಳಗಿನವರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯು ಕಾಯಿಲೆಗೆಂದು ವರ್ಷಕ್ಕೆ 12 ದಿನಗಳ ಸಂಬಳಸಹಿತ ರಜೆಯನ್ನು ವಿಧಿಸಿತು. ಆ ರಜೆ ಕಾರ್ಮಿಕ ಇಲಾಖೆಯ ವಿಷಯ. ಹಂಡೆ ಆಹಾರ ಸುರಕ್ಷತೆಯವರ ವಿಷಯ. ರೋಗಾಣುವಿಗೆ ಈ ಇಲಾಖೆಗಳ ಗಡಿ ತಿಳಿಯದು! ದಿನದ ಕೂಲಿ ತಪ್ಪುವುದೆಂದು ಹೊಟ್ಟೆ ಕೆಟ್ಟರೂ ಕೆಲಸಕ್ಕೆ ಬಂದವನ ಕೈಯಿಂದಲೇ ಅದು ತಟ್ಟೆಗೆ ಇಳಿಯುತ್ತದೆ.

ಸಣ್ಣ ಹೋಟೆಲಿನವರಿಗೆ ಇದು ಹೊರೆಯೆಂಬ ಆಕ್ಷೇಪವುಂಟು, ಅದು ಸುಳ್ಳೂ ಅಲ್ಲ. ಆದರೂ ಉರುಸಿನಂಥ ದಿನಗಳಲ್ಲಿ ಬದಲಿ ಆಳಿಗೆ ಕೊಡುವ ಕೂಲಿಯನ್ನು ಉಪ್ಪು ಎಣ್ಣೆಗಳಂತೆ ಅಡುಗೆಯ ಖರ್ಚಿಗೇ ಸೇರಿಸಬೇಕು. ಪರೀಕ್ಷಕನು ಹಾಜರಿ ಪುಸ್ತಕವನ್ನೂ ತರಿಸಿ ನೋಡಲಿ. ಮಾಲೀಕನಿಲ್ಲದ ಕಡೆ ಬಾಣಸಿಗನನ್ನು ಕರೆದು, ಕಳೆದ ಬಾರಿ ಜ್ವರ ಬಂದಾಗ ಎಷ್ಟು ದಿನ ಮನೆಯಲ್ಲಿದ್ದೆ, ಕೂಲಿ ಹಿಡಿದರೇ ಎಂದು ಕೇಳಿ, ಅವನ ಉತ್ತರವನ್ನು ಹಂಡೆಯ ಉಷ್ಣತೆಯ ಪಕ್ಕದಲ್ಲೇ ಬರೆದುಕೊಳ್ಳಲಿ.