ಕತ್ತಿ ಹಿಡಿದು ತೈ ಚಿ ಮಾಡಿದರೆ ಬಿಪಿ, ಮಂಡಿನೋವು ಮಾಯವಾಗುತ್ತದೆಯೇ?

ಚೀನಾದ ಪಾರ್ಕಿನಲ್ಲಿ ವಯಸ್ಸಾದವರು ಉದ್ದನೆಯ ಕತ್ತಿ ಹಿಡಿದು ನಿಧಾನವಾಗಿ ತಿರುಗುವ ವಿಡಿಯೊಗಳು ನೋಡಲು ಚೆಂದ. ಅದರ ಜೊತೆ 'ಮಾತ್ರೆ ಬಿಡಿ, ಇದನ್ನು ಮಾಡಿ' ಎಂಬ ಸಾಲು ಸೇರಿದರೆ ಮಾತ್ರ ತೊಂದರೆ. ಇದರಲ್ಲಿ ಎಷ್ಟು ನಿಜ, ನೋಡೋಣ.

ತೈ ಚಿಯಿಂದ ಲಾಭವಿದೆ ಎಂಬುದು ಸುಳ್ಳಲ್ಲ. ಅಮೆರಿಕದ ಒರೆಗಾನ್‌ನಲ್ಲಿ 195 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲದಂತೆ 24 ವಾರ ತೈ ಚಿ ಮಾಡಿದವರ ಸಮತೋಲನ ಚೆನ್ನಾಗಿ ಸುಧಾರಿಸಿತ್ತು. ವಯಸ್ಸಾದವರು ಬೀಳುವುದು ತೈ ಚಿಯಿಂದ ಸುಮಾರು ಶೇ 19ರಷ್ಟು ತಗ್ಗಬಹುದು ಎಂದು 2019ರ ಕಾಕ್ರೇನ್ ವಿಮರ್ಶೆ ಹೇಳಿತು. ಅದೇ ವರ್ಷ ಅಮೆರಿಕದ ಸಂಧಿವಾತ ತಜ್ಞರ ಸಂಘ ಮಂಡಿ ಸವೆತಕ್ಕೂ ಇದನ್ನು ಶಿಫಾರಸು ಮಾಡಿತು. ನೋವು ಕಡಿಮೆಯಾಗಬಹುದು, ಆದರೆ ಸವೆದದ್ದು ಮರಳಿ ಬೆಳೆಯುವುದಿಲ್ಲ. ಬಿಪಿ ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು.

ಒರೆಗಾನ್‌ನಲ್ಲಿ ಯಾರ ಕೈಯಲ್ಲೂ ಕತ್ತಿ ಇರಲಿಲ್ಲ! ಹಾಗಾದರೆ ಕತ್ತಿ ಏನು ಮಾಡುತ್ತದೆ? ಚಾಚಿದ ಕೈಯ ತುದಿಯಲ್ಲಿ ಭಾರ ಇಟ್ಟಂತೆ. ಭಾರ ದೂರ ಹೋದಷ್ಟೂ ಭುಜ, ಮಣಿಕಟ್ಟಿನ ಮೇಲಿನ ಒತ್ತಡ ಹೆಚ್ಚುತ್ತದೆ. ಪಳಗಿದವರಿಗೆ ಅದೇ ವ್ಯಾಯಾಮ, ಭುಜ ಹಿಡಿದುಕೊಂಡವರಿಗೆ ಅದೇ ನೋವು. ಚೀನಾದಲ್ಲೂ ಸಾಮಾನ್ಯವಾಗಿ ಮೊದಲು ಬರಿಗೈ ವರಸೆ, ಆಮೇಲೆ ಕತ್ತಿ.

ದಾವಣಗೆರೆ, ಹರಿಹರದ ಕಡೆಯವರಿಗೆ ಇದು ಅಪರಿಚಿತವೇನಲ್ಲ. ಗರಡಿ ಮನೆಯಲ್ಲಿ ದಂಡ, ಬಸ್ಕಿ ಹೊಡೆದು ಮೈ ಪಳಗಿದ ಮೇಲೆಯೇ ಗದೆ ಎತ್ತುವುದು. ಜಾತ್ರೆಯ ವೀರಗಾಸೆಯಲ್ಲೂ ಖಡ್ಗ ಇದೆ, ಆದರೆ ಅದು ವೀರಭದ್ರನ ಆವೇಶದ ಕುಣಿತ. ತೈ ಚಿಯ ನಿಧಾನಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಆನ್‌ಲೈನ್‌ನಲ್ಲಿ ಉಕ್ಕಿನ ಕತ್ತಿ ತರಿಸುವ ಮುನ್ನ ಕಾನೂನೂ ಗೊತ್ತಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಕತ್ತಿ, ಕಠಾರಿಗಳು, ಮನೆ-ಹೊಲದ ಕೆಲಸದ್ದಲ್ಲದ 9 ಇಂಚು ಮೀರಿದ ಅಲಗುಗಳು ಆಯುಧಗಳೇ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಲೈಸೆನ್ಸ್ ಬೇಕು. ಊರಲ್ಲಿ ನಿಷೇಧಾಜ್ಞೆ ಇದ್ದ ದಿನ ಕತ್ತಿ ಹಿಡಿದು ಪಾರ್ಕಿಗೆ ಹೋದರೆ 'ವ್ಯಾಯಾಮ ಸಾರ್' ಎಂದರೂ ಪೊಲೀಸರು ಬಿಡಲಿಕ್ಕಿಲ್ಲ.

ಕಲಿಯಲೇಬೇಕೆಂದರೆ ಹಗುರವಾದ ಮರದ ಕತ್ತಿ ಸಾಕು. ಮಾಡುವ ಜಾಗ ಸಮತಟ್ಟಾಗಿರಲಿ, ತುಂಗಭದ್ರೆಯ ಒದ್ದೆ ಮೆಟ್ಟಿಲು ಬೇಡ. ಮಕ್ಕಳು, ನಾಯಿ ಓಡಾಡುವ ಕಡೆ ಬೇಡವೇ ಬೇಡ. ನಿಂತಾಗ ತಲೆಸುತ್ತು ಬರುವವರು ಮೊದಲ ದಿನಗಳಲ್ಲಿ ಕತ್ತಿ ಪಕ್ಕಕ್ಕಿಟ್ಟು, ಕುರ್ಚಿಯ ಬೆನ್ನು ಹಿಡಿದು ಕಾಲಿನ ಹೆಜ್ಜೆಗಳನ್ನಷ್ಟೇ ಕಲಿಯಬಹುದು.